ಕೊನೆಯವರ ಹಿಂದೆ ಒಬ್ಬರಿರಲಿ: ತೇವಾರಂನ ಬೆಳಗಿನ ಓಟದ ಬಳಗಕ್ಕೆ ಬಹಿರಂಗ ಪತ್ರ

ತೇವಾರಂನ ಬೆಳಗಿನ ಓಟದ ಬಳಗದ ಅಣ್ಣಂದಿರಿಗೆ, ಅಕ್ಕಂದಿರಿಗೆ, ತಮ್ಮ ತಂಗಿಯರಿಗೆ,



ಹೊಸಬರನ್ನು ಸೇರಿಸಿಕೊಳ್ಳುವ ಬಗ್ಗೆ ನಮ್ಮೊಳಗೆ ಈಚೆಗೆ ಒಂದು ಮಾತು ಎದ್ದಿದೆ. ಬಳಗಕ್ಕೆ ಬರುವವರು 5 ಕಿಲೋಮೀಟರನ್ನು ಅರ್ಧ ಗಂಟೆಯೊಳಗೆ ಮುಗಿಸುವಂತಿರಬೇಕು, ಆಗದವರು ತಮ್ಮ ಪಾಡಿಗೆ ಅಭ್ಯಾಸ ಮಾಡಿಕೊಂಡು ಆಮೇಲೆ ಬರಲಿ ಎಂಬ ಮಾತು. ಅದನ್ನು ನಿಯಮ ಮಾಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಟೀ ಅಂಗಡಿಯ ಮುಂದೆ ನಿಂತೇ ಹೇಳಬಹುದಿತ್ತು. ಆದರೆ ಅಲ್ಲಿ ಆಡಿದ ಮಾತು ಬೆವರು ಆರುವಷ್ಟರಲ್ಲಿ ಮರೆತುಹೋಗುತ್ತದೆ. ಬಳಗದ ತಮಿಳು ಗೆಳೆಯರಿಗೆ ಇದನ್ನು ನಾನೇ ಓದಿ ತಿಳಿಸುತ್ತೇನೆ. ತಮಿಳುನಾಡಿನ ಈ ಕಣಿವೆಯ ಒಕ್ಕಲಿಗರ ಮನೆಗಳಲ್ಲಿ ಶಾಲೆಯ ಓದು ತಮಿಳಾದರೂ ಒಲೆಯ ಮುಂದಿನ ಮಾತು ಕನ್ನಡವೇ, ಹಾಗಾಗಿ ಮನಸ್ಸಿನಲ್ಲಿದ್ದದ್ದು ಕನ್ನಡದಲ್ಲೇ ಬಂತು. ಇಂಥ ಬಳಗಗಳು ಕರ್ನಾಟಕದ ಊರುಗಳಲ್ಲೂ ಇವೆ. ಅವರೂ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ ಎಂದು ಇದನ್ನು ಎಲ್ಲರೂ ಓದುವಂತೆ ಬರೆದಿದ್ದೇನೆ.

ಮಾತು ಎಲ್ಲಿಂದ ಹುಟ್ಟಿತೆಂದು ನನಗೆ ಗೊತ್ತು. ಅದರಲ್ಲಿ ನ್ಯಾಯವೂ ಇದೆ. ನಮ್ಮ ಮೈದಾನಕ್ಕೆ ಕತ್ತಲಿರುವಾಗಲೇ ಬರುವ ಹುಡುಗರಲ್ಲಿ ಹೆಚ್ಚಿನವರು ಪೊಲೀಸ್ ಸೆಲೆಕ್ಷನ್ನಿಗೆ ತಯಾರಾಗುತ್ತಿರುವವರು. ತಮಿಳುನಾಡಿನ ಕಾನ್‌ಸ್ಟೇಬಲ್ ಆಯ್ಕೆಯಲ್ಲಿ ಗಂಡುಹುಡುಗರು 1500 ಮೀಟರನ್ನು 7 ನಿಮಿಷದಲ್ಲಿ ಓಡಬೇಕು, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಸೈನ್ಯಕ್ಕೆ ಹೋಗುವವರಿಗೆ 1.6 ಕಿಲೋಮೀಟರಿನ ಓಟವಿದೆ. ಅಲ್ಲಿ ಕೆಲವೇ ಸೆಕೆಂಡು ತಡವಾದರೂ ಮುಂದಿನ ನೇಮಕಾತಿಯವರೆಗೆ ಕಾಯಬೇಕು, ಅಷ್ಟರಲ್ಲಿ ವಯಸ್ಸಿನ ಮಿತಿ ದಾಟಿಬಿಡಬಹುದು. ಅಪ್ಪ ಬಾಳೆತೋಟದ ಕೂಲಿಗೆ, ಅಮ್ಮ ಏಲಕ್ಕಿ ಎಸ್ಟೇಟಿಗೆ ಹೋಗುವ ಮನೆಯ ಹುಡುಗನಿಗೆ ಆ 7 ನಿಮಿಷ ಎಂದರೆ ಏನೆಂದು ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅವನ ಓಟಕ್ಕೆ ನಾವು ಅಡ್ಡ ಬರಬಾರದು. ಅವನು ಸುತ್ತು ಹೊಡೆಯುವಾಗ ಒಳಗಿನ ಲೇನಿನಲ್ಲಿ ಹರಟೆ ಹೊಡೆಯುತ್ತ ನಡೆಯುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ.

ಆದರೆ ಸೆಲೆಕ್ಷನ್ ಮುಗಿದ ಮೇಲೆ ಈ ಹುಡುಗರು ಎಲ್ಲಿಗೆ ಹೋಗುತ್ತಾರೆ? ಆಯ್ಕೆಯಾದವರು ತರಬೇತಿಗೆ ಹೋಗುತ್ತಾರೆ, ಸಂತೋಷ. ಆಗದವರು ಮರುದಿನದಿಂದ ಮೈದಾನದ ಕಡೆ ತಲೆ ಹಾಕುವುದಿಲ್ಲ. ಶೂ ತಮ್ಮನ ಪಾಲಿಗೆ ಹೋಗುತ್ತದೆ. ಇಪ್ಪತ್ತಾರು, ಇಪ್ಪತ್ತೇಳರ ವಯಸ್ಸಿಗೆ ಗಾಳಿಯಂತೆ ಓಡುತ್ತಿದ್ದವನು ಮೂವತ್ತೈದಕ್ಕೆ ದ್ರಾಕ್ಷಿಮಂಡಿಯ ಮೆಟ್ಟಿಲು ಹತ್ತಿ ಏದುಸಿರು ಬಿಡುವುದನ್ನು ನಾವು ನೋಡಿದ್ದೇವೆ. ನಲವತ್ತೈದಕ್ಕೆ ಸಕ್ಕರೆ ಕಾಯಿಲೆಯ ಮಾತ್ರೆ. ಓಟವೆನ್ನುವುದು ಸೆಲೆಕ್ಷನ್ ತನಕದ ಕೆಲಸ ಎಂದು ಅವನಿಗೆ ಕಲಿಸಿದವರು ನಾವೇ, ಈ ಮೈದಾನವೇ. ಒಂದು ದಿನ ಅವನಿಗೆ ಮತ್ತೆ ಓಡಬೇಕೆನಿಸಿದರೆ ಆಗ ಅವನಿಂದ 5 ಕಿಲೋಮೀಟರನ್ನು ಅರ್ಧ ಗಂಟೆಯಲ್ಲಿ ಮುಗಿಸಲಾಗುವುದಿಲ್ಲ. ನಾವು ಮಾಡಹೊರಟ ನಿಯಮ ಮೊದಲು ಬಾಗಿಲು ಮುಚ್ಚುವುದು ನಮ್ಮ ಈ ಹುಡುಗರಿಗೇ.

ನನ್ನ ವಿಷಯ ನಿಮಗೆ ಗೊತ್ತಿರುವುದೇ. ಹೈಸ್ಕೂಲಿನಲ್ಲಿ 800 ಮೀಟರ್ ಓಡುತ್ತಿದ್ದೆ. ಮದುವೆಯಾಗಿ ಬೆಂಗಳೂರಿಗೆ ಹೋದೆ, ಮಕ್ಕಳಾದರು, ಓಟ ನಿಂತಿತು. ಅಲ್ಲಿ 2008ರಿಂದ ನಡೆಯುತ್ತಿರುವ 10ಕೆ ಓಟದ ದಿನ ರಸ್ತೆಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ್ದೇನೆ, ಇಳಿಯುವ ಧೈರ್ಯ ಬರಲಿಲ್ಲ. ಕಬ್ಬನ್ ಪಾರ್ಕಿನಲ್ಲಿ, ಲಾಲ್‌ಬಾಗಿನಲ್ಲಿ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಗುಂಪಾಗಿ ಓಡುವವರನ್ನು ಕಂಡಾಗಲೆಲ್ಲ, ಅವರೆಲ್ಲ ಹುಟ್ಟಿನಿಂದಲೇ ಓಡುತ್ತಿರುವವರು ಎಂದುಕೊಳ್ಳುತ್ತಿದ್ದೆ. ಅವರಲ್ಲಿ ಎಷ್ಟೋ ಮಂದಿ ನಲವತ್ತರ ನಂತರ ಡಾಕ್ಟರ ಮಾತಿಗೆ ಹೆದರಿ ಶುರುಮಾಡಿದವರು ಎಂದು ಆಮೇಲೆ ತಿಳಿಯಿತು. ಅಮ್ಮನನ್ನು ನೋಡಿಕೊಳ್ಳಲು ಊರಿಗೆ ಮರಳಿದ ಮೇಲೆಯೇ ನಾನು ನಿಮ್ಮ ಜೊತೆ ಸೇರಿದ್ದು.

ಆ ಮೊದಲ ವಾರಗಳ ಒಂದು ಬೆಳಿಗ್ಗೆಯನ್ನು ಇಲ್ಲಿ ಹೇಳಬೇಕು. ಪಣ್ಣೈಪುರಂ ಕಡೆಯ ರಸ್ತೆ. ಇಳಯರಾಜಾ ಹುಟ್ಟಿದ ಊರಿನ ದಾರಿ ಎಂದು ಬೆಂಗಳೂರಿನ ನೆಂಟರಿಗೆ ನಾನು ಹೆಮ್ಮೆಯಿಂದ ಹೇಳುವ ರಸ್ತೆ. ನೀವೆಲ್ಲ ಮುಂದೆ ಹೋಗಿಬಿಟ್ಟಿದ್ದಿರಿ. ಏಲಕ್ಕಿ ಎಸ್ಟೇಟಿಗೆ ಆಳು ಹೊತ್ತ ಜೀಪುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಪ್ರತಿ ಸಲ ಹೆಡ್‌ಲೈಟು ಕಣ್ಣಿಗೆ ಬಿದ್ದಾಗ ಟಾರಿನಿಂದ ಮಣ್ಣಿಗೆ ಇಳಿಯಬೇಕು. ಮಣ್ಣಿನಲ್ಲಿ ಜಲ್ಲಿ, ಬಾಳೆಲೆಯ ಸಿಗುರು, ಕಾಲು ಹೊರಳುವಂಥ ಹೊಂಡ. ಜೀಪಿನ ಹಿಂಬದಿಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು, ಊಟದ ತೂಕುಚಟ್ಟಿಯನ್ನು ಮಡಿಲಲ್ಲಿ ಒತ್ತಿಹಿಡಿದ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಎದೆ ಹೊಡೆದುಕೊಳ್ಳುತ್ತಿತ್ತು. ಇದೇ ಕೊನೆ, ನಾಳೆಯಿಂದ ಬರುವುದಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಆಗ ಮುಂದಿನ ಸಾಲಿನಲ್ಲಿದ್ದ ನಮ್ಮ ಹಿರಿಯ ಅಣ್ಣ ಒಬ್ಬರು ತಿರುಗಿ ಬಂದು, ಏನೂ ಹೇಳದೆ ನನ್ನ ಬಲಗಡೆಗೆ, ವಾಹನ ಬರುವ ಬದಿಗೆ, ನಿಂತು ಓಡತೊಡಗಿದರು. ಆ ವಾರ ಬಾಳೆಗೊನೆಗೆ ಮಂಡಿಯಲ್ಲಿ ಸಿಕ್ಕ ರೇಟಿನಿಂದ ಮಾತು ಶುರುಮಾಡಿದರು. ಉತ್ತರ ಕೊಡಲು ಉಸಿರು ಸಾಲದೆ ನಾನು ನಿಧಾನಿಸಿದೆ, ಅವರೂ ನಿಧಾನಿಸಿದರು. ಮಾತಾಡಲು ಬರುವಷ್ಟು ನಿಧಾನಕ್ಕೆ ಇಳಿದ ಮೇಲೆ ಮೈದಾನದವರೆಗೂ ನಿಲ್ಲದೆ ಬಂದೆವು. ಮರುದಿನ ನಾನು ಮತ್ತೆ ಬಂದೆ.

ಆ ಅಣ್ಣ ಮಾಡಿದ್ದು ದಾಕ್ಷಿಣ್ಯದ ಕೆಲಸವಲ್ಲ, ಸರಿಯಾದ ತರಬೇತಿ. ಓಟ ಬಿಟ್ಟವರ ದೇಹದಲ್ಲಿ ಏನಾಗುತ್ತದೆಂದು ಅಮೆರಿಕದ ಎಡ್ವರ್ಡ್ ಕಾಯ್ಲ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ವರ್ಷಗಟ್ಟಲೆ ಕಟ್ಟುನಿಟ್ಟಾಗಿ ಅಭ್ಯಾಸ ಮಾಡಿದವರನ್ನು 84 ದಿನ ಅಭ್ಯಾಸ ನಿಲ್ಲಿಸುವಂತೆ ಮಾಡಿ ಅಳೆದರು. ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಶಕ್ತಿ ಮೊದಲ 21 ದಿನಗಳಲ್ಲೇ ನೂರಕ್ಕೆ 7ರಷ್ಟು ಇಳಿಯಿತು, ಮುಂದೆ 16ರವರೆಗೆ ಹೋಗಿ ನಿಂತಿತು. ಮೊದಲು ಕುಗ್ಗಿದ್ದು ಹೃದಯ ಒಂದೊಂದು ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣ. ಆದರೆ ಸ್ನಾಯುಗಳೊಳಗೆ ಅಭ್ಯಾಸದಿಂದ ಬೆಳೆದಿದ್ದ ಸಣ್ಣ ರಕ್ತನಾಳಗಳ ಜಾಲ ಹಾಗೇ ಉಳಿದಿತ್ತು. ಕೆಲವೇ ವಾರ ಬಿಟ್ಟವರ ಲೆಕ್ಕ ಇದು. ಹತ್ತು, ಇಪ್ಪತ್ತು ವರ್ಷ ಬಿಟ್ಟವರಲ್ಲಿ ವಯಸ್ಸಿನ ಇಳಿತವೂ ಸೇರಿಕೊಳ್ಳುತ್ತದೆ.

ಮರಳಿ ಶುರುಮಾಡಿದಾಗ ತೊಂದರೆ ಬರುವುದು ಇನ್ನೊಂದು ಕಡೆಯಿಂದ. ಉಸಿರು ಮತ್ತು ಹೃದಯ ಕೆಲವೇ ವಾರಗಳಲ್ಲಿ ಹಳೆಯ ದಾರಿ ಹಿಡಿಯುತ್ತವೆ. ಸ್ನಾಯುರಜ್ಜು, ಮೂಳೆ, ಹಿಮ್ಮಡಿಯ ನರ ಎಂದು ನಾವು ಕರೆಯುವ ಜಾಗ, ಇವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹಳೆಯ ಓಟಗಾರರಿಗೆ ತಮ್ಮ ಹಳೆಯ ವೇಗದ ನೆನಪು ಬೇರೆ ಇರುತ್ತದೆ. ಉಸಿರು ಹೂಂ ಅಂದ ಕೂಡಲೇ ಕಾಲನ್ನು ಕೇಳದೆ ಓಡುತ್ತಾರೆ, ಮೊಣಕಾಲು ಹಿಡಿದುಕೊಂಡು ಮನೆಯಲ್ಲಿ ಕೂರುತ್ತಾರೆ, ಈ ವಯಸ್ಸಿಗೆ ಓಟ ಆಗಿಬರುವುದಿಲ್ಲ ಎಂದು ತೀರ್ಮಾನಿಸುತ್ತಾರೆ. ನಮ್ಮ ಬೋಡಿ ರೈಲನ್ನು ನೆನಪಿಸಿಕೊಳ್ಳಿ. ಮೀಟರ್‌ಗೇಜ್ ಗಾಡಿ 2010ರ ಕೊನೆಗೆ ನಿಂತಿತು. ಮದುರೈಯಿಂದ ತೇನಿವರೆಗೆ ಮತ್ತೆ ಗಾಡಿ ಬಂದದ್ದು 2022ರ ಮೇ ತಿಂಗಳಲ್ಲಿ, ಬೋಡಿ, ಅಂದರೆ ಬೋಡಿನಾಯಕನೂರು, ಮುಟ್ಟಿದ್ದು 2023ರ ಜೂನ್‌ನಲ್ಲಿ. ಹೊಸ ಹಳಿ ಹಾಕಿದಷ್ಟು ದೂರ ಮಾತ್ರ ಗಾಡಿ ಬಿಟ್ಟರು, ಎಂಜಿನ್ನಿಗೆ ಶಕ್ತಿಯಿದೆ ಎಂದು ಹಳಿಯಿಲ್ಲದ ಕಡೆ ಓಡಿಸಲಿಲ್ಲ. ಮರಳಿ ಓಡುವವರ ಮೂಳೆ, ಸ್ನಾಯುರಜ್ಜುಗಳೇ ಆ ಹಳಿ. ಹೊಸಬರಿಗೆ ಅರ್ಧ ಗಂಟೆಯ ಗಡುವು ಕೊಟ್ಟರೆ ಅವರು ಮನೆಯಲ್ಲಿ ಒಬ್ಬರೇ, ಯಾರ ಕಣ್ಣಿಗೂ ಬೀಳದಂತೆ, ಈ ತಪ್ಪನ್ನೇ ಮಾಡುತ್ತಾರೆ. ನಿಧಾನವಾಗಿ ಓಡಿ ಎಂದು ಹೇಳುವವರು ಪಕ್ಕದಲ್ಲಿ ಇರಬೇಕಾದದ್ದು ಆಗಲೇ.

ಸಾಮಾನ್ಯ ಜನ ಗುಂಪಾಗಿ ಓಡತೊಡಗಿದ್ದರ ಚರಿತ್ರೆಯಲ್ಲೂ ಇಂಥದೇ ಒಂದು ಕತೆಯಿದೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ದೊಡ್ಡ ಕೋಚ್. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿ ಚಿನ್ನ ಗೆದ್ದರು. ಅಂಥ ಕೋಚ್ ಆಕ್ಲೆಂಡಿನಲ್ಲಿ ಹೊಟ್ಟೆ ಬಂದ ನಡುವಯಸ್ಸಿನವರನ್ನು, ಹೃದಯಾಘಾತದಿಂದ ಚೇತರಿಸಿಕೊಂಡವರನ್ನು ಗುಂಪು ಕಟ್ಟಿ ಓಡಿಸತೊಡಗಿದರು. ಅವರು ಹೇಳಿಕೊಟ್ಟದ್ದು ಇಷ್ಟೇ: ದೇಹವನ್ನು ಪಳಗಿಸಿ, ದಣಿಸಬೇಡಿ, ಜೊತೆಯವರೊಂದಿಗೆ ಮಾತಾಡಲು ಆಗುವಷ್ಟೇ ವೇಗದಲ್ಲಿ ಓಡಿ. 1962ರ ಕೊನೆಯಲ್ಲಿ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದರು. ಐವತ್ತು ದಾಟಿದ್ದ ಅವರು ಗುಂಪಿನ ಜೊತೆ ಓಡಲು ಇಳಿದು ಸ್ವಲ್ಪ ಹೊತ್ತಿಗೇ ಹಿಂದೆ ಬಿದ್ದರು. ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಒಬ್ಬ ಹಿರಿಯರು ಗುಂಪನ್ನು ಬಿಟ್ಟು ಹಿಂದೆ ಉಳಿದು, ಮಾತಾಡಿಸುತ್ತ ಅವರನ್ನು ಕರೆತಂದರಂತೆ. ಬೋವರ್‌ಮನ್ ಊರಿಗೆ ಮರಳಿ 1963ರಲ್ಲಿ ಸಾಮಾನ್ಯ ಜನರಿಗಾಗಿ ಜಾಗಿಂಗ್ ಶುರುಮಾಡಿದರು, ಒಬ್ಬ ಹೃದಯತಜ್ಞರ ಜೊತೆ ಸೇರಿ ಆ ಬಗ್ಗೆ ಪುಸ್ತಕ ಬರೆದರು. ಅಮೆರಿಕದಲ್ಲಿ ಲಕ್ಷಾಂತರ ಜನ ರಸ್ತೆಗೆ ಇಳಿದದ್ದು ಅದರ ನಂತರ.

ಇನ್ನೊಂದು ಉದಾಹರಣೆ ಇನ್ನೂ ಈಚಿನದು. ಲಂಡನ್ನಿನ ಬುಶಿ ಪಾರ್ಕಿನಲ್ಲಿ 2004ರ ಅಕ್ಟೋಬರ್ 2ರಂದು ಪಾಲ್ ಸಿಂಟನ್ ಹೆವಿಟ್ ಎಂಬ ಓಟಗಾರ 5 ಕಿಲೋಮೀಟರಿನ ಒಂದು ಓಟ ಏರ್ಪಡಿಸಿದರು. ಗಾಯವಾಗಿ ತಮಗೇ ಓಡಲಾಗುತ್ತಿರಲಿಲ್ಲ, ಗೆಳೆಯರ ಒಡನಾಟ ತಪ್ಪಬಾರದೆಂದು ಹೀಗೆ ಮಾಡಿದರು. ಅಂದು ಓಡಿದವರು 13 ಮಂದಿ. ಪಾರ್ಕ್‌ರನ್ ಎಂಬ ಹೆಸರಿನಲ್ಲಿ ಅದು ಇಂದು ಎಷ್ಟೋ ದೇಶಗಳಲ್ಲಿ ಪ್ರತಿ ವಾರ ನಡೆಯುತ್ತದೆ. ಗಡುವಿಲ್ಲ, ಫೀಸಿಲ್ಲ. ಎಲ್ಲರಿಗಿಂತ ಹಿಂದೆ ಬರುವುದಕ್ಕೆಂದೇ ಪ್ರತಿ ಕಡೆ ಒಬ್ಬ ಸ್ವಯಂಸೇವಕ ಇರುತ್ತಾರೆ, ಹಾಗಾಗಿ ಓಡಲು ಬಂದ ಯಾರೂ ಅಲ್ಲಿ ಕೊನೆಯವರಾಗುವುದಿಲ್ಲ. ನಾನು ನಿಮ್ಮನ್ನು ಕೇಳುತ್ತಿರುವುದು ಆ ಒಬ್ಬರನ್ನು.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಗಂಡಸರು ಓಟ ಬಿಡುವುದು ಸಾಮಾನ್ಯವಾಗಿ ಕೆಲಸದಿಂದಲೋ ಸೋಮಾರಿತನದಿಂದಲೋ. ನಮ್ಮನ್ನು ಬಿಡಿಸುತ್ತಾರೆ. ಪಿ.ಟಿ. ಉಷಾ ಅಂಥವರೂ 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದ ನಂತರ ಓಟ ನಿಲ್ಲಿಸಿದ್ದರು. ಮದುವೆಯಾಯಿತು, ಮಗ ಹುಟ್ಟಿದ. ಆಮೇಲೆ ಮರಳಿ ಬಂದು 1998ರಲ್ಲಿ ಜಪಾನಿನ ಫುಕುವೊಕಾದ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ, 34ರ ವಯಸ್ಸಿನಲ್ಲಿ, 200 ಮತ್ತು 400 ಮೀಟರ್ ಎರಡರಲ್ಲೂ ಕಂಚು ಗೆದ್ದರು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಪದಕ ತಪ್ಪಿದ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಫುಕುವೊಕಾದ ಆ ಎರಡು ಕಂಚು ಹೆಚ್ಚು ದೊಡ್ಡವು.

ನಮಗೆ ಪದಕ ಬೇಡ, ಬರಲು ದಾರಿ ಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇರುವವಳು ಎರಡು ಸುತ್ತಿಗೆ ಸುಸ್ತಾದರೆ ಅದು ಅಭ್ಯಾಸ ಸಾಲದ್ದಲ್ಲ, ಹಿಮೋಗ್ಲೋಬಿನ್ ಸಾಲದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆಗೆ ದುಡ್ಡಿಲ್ಲ. ಹೆರಿಗೆಯಾದವರು ಕನಿಷ್ಠ ಮೂರು ತಿಂಗಳು ಓಟಕ್ಕೆ ಇಳಿಯದಿರುವುದು ಒಳ್ಳೆಯದೆಂದು 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟರು ಸಿದ್ಧಪಡಿಸಿದ ಮಾರ್ಗಸೂಚಿ ಹೇಳುತ್ತದೆ. ಓಡುವಾಗ ಮೂತ್ರ ಜಿನುಗುವುದು, ಕೆಳಹೊಟ್ಟೆ ಜಗ್ಗಿದಂತಾಗುವುದು ಬಾಣಂತನ ಮುಗಿಸಿದ ಎಷ್ಟೋ ಹೆಂಗಸರು ಯಾರಿಗೂ ಹೇಳದ ತೊಂದರೆ. ಇದಕ್ಕೆ ವ್ಯಾಯಾಮವಿದೆ, ಚಿಕಿತ್ಸೆಯಿದೆ. ಇವನ್ನೆಲ್ಲ ಒಬ್ಬ ಅಕ್ಕನ ಹತ್ತಿರ ಹೇಳಿಕೊಳ್ಳುವಂಥ ಜಾಗ ನಮ್ಮ ಬಳಗದಲ್ಲಿ ಇರಬೇಕು. ಟೈಮಿಂಗ್ ಎಷ್ಟು ಎಂದು ಮೊದಲ ದಿನವೇ ಕೇಳುವ ಕಡೆ ಯಾವ ಹೆಂಗಸೂ ಬಾಯಿ ಬಿಡುವುದಿಲ್ಲ.

ಬಳಗವಾಗಿ ಓಡುವುದರಲ್ಲಿ ಇನ್ನೊಂದು ಹೊಣೆಯಿದೆ, ಅದನ್ನು ನಾವು ಈ ಬೆಟ್ಟದ ಬುಡದಲ್ಲಿ ಮರೆಯುವಂತಿಲ್ಲ. 2023ರ ಮೇ ಕೊನೆಯಲ್ಲಿ ಅರಿಕೊಂಬನ್ ಆನೆ ಕಂಬಂ ಪಟ್ಟಣದೊಳಕ್ಕೇ ನುಗ್ಗಿತು, ಜೂನ್ ಮೊದಲ ವಾರದಲ್ಲಿ ಅದನ್ನು ಹಿಡಿದು ಸಾಗಿಸುವವರೆಗೆ ಜನ ಮನೆಯಿಂದ ಹೊರಬರಲು ಹೆದರಿದ್ದರು. ನಮ್ಮ ತೇವಾರಂ ಬೆಟ್ಟದ ಬುಡದ ತೋಟಗಳಲ್ಲೂ ಆನೆಯ ಭಯ ಇದ್ದದ್ದೇ. 2018ರ ಮಾರ್ಚ್ 11ರಂದು ಬೋಡಿ ಹತ್ತಿರದ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ತೀರಿಕೊಂಡರು. ಉತ್ಸಾಹದಿಂದ ಹೊರಟ ವಿದ್ಯಾವಂತ ಯುವಕ ಯುವತಿಯರು, ಅವರಲ್ಲಿ ಎಷ್ಟೋ ಮಂದಿಗೆ ಈ ಬೆಟ್ಟ ಹೊಸದು. ಬೇಸಿಗೆಯಲ್ಲಿ ಬೆಟ್ಟದ ಕಾಲುದಾರಿಯ ಓಟ ಬೇಡ ಎಂದು ನಮ್ಮಲ್ಲಿ ಕೆಲವರು ಹೇಳಿದಾಗ ಅದನ್ನು ಅಂಜುಬುರುಕತನ ಎನ್ನಬೇಡಿ. ಬೆಳಕು ಹರಿಯುವ ಮುನ್ನ ತೋಟದಂಚಿನ ದಾರಿಗೆ ಯಾರೂ ಒಬ್ಬರೇ ಹೋಗಬಾರದು. ಹಿಂದೆ ಬಿದ್ದವರನ್ನು ಕತ್ತಲಲ್ಲಿ ಬಿಟ್ಟು ಮುಂದೆ ಹೋಗುವ ಬಳಗಕ್ಕೆ ಅವರನ್ನು ಕರೆದುಕೊಂಡು ಹೋಗುವ ಹಕ್ಕೇ ಇಲ್ಲ.

ಈಗ ಏನು ಮಾಡಬಹುದು ಎಂದರೆ, ಸೆಲೆಕ್ಷನ್ ಹುಡುಗರಿಗೆ ವಾರದಲ್ಲಿ ಮೂರು ಬೆಳಿಗ್ಗೆ ಮೈದಾನದ ಒಳಲೇನನ್ನು ಪೂರ್ತಿ ಬಿಟ್ಟುಕೊಡೋಣ. ಅವರಿಗೆ ಗಡಿಯಾರ ಹಿಡಿದು ನಿಲ್ಲಲು ನಾನೂ ಬರುತ್ತೇನೆ. ಉಳಿದ ದಿನಗಳ ರಸ್ತೆ ಓಟ ಎಲ್ಲರದು. ಹೊಸಬರು, ಮರಳಿ ಬಂದವರು ಎರಡು ನಿಮಿಷ ಓಡಿ ಒಂದು ನಿಮಿಷ ನಡೆಯಲಿ. ನಡೆಯುವುದನ್ನು ಸೋಲು ಎಂದು ಯಾರೂ ಅನ್ನಬಾರದು. ಅವರ ಪಕ್ಕದಲ್ಲಿ ಓಡುವವರು ಸರದಿಯ ಮೇಲೆ ಬದಲಾಗಲಿ, ಇಲ್ಲದಿದ್ದರೆ ಎಲ್ಲ ಹೊರೆಯೂ ಆ ಒಬ್ಬ ಹಿರಿಯ ಅಣ್ಣನ ಮೇಲೆ ಬೀಳುತ್ತದೆ. ವೇಗದ ಹುಡುಗರಿಗೂ ವಾರಕ್ಕೊಂದು ನಿಧಾನದ ಓಟ ಬೇಕೇ ಬೇಕು, ಎಲ್ಲ ದಿನವೂ ಎದೆ ಒಡೆಯುವಂತೆ ಓಡಿದರೆ ಅವರ ಕಾಲೇ ಕೆಡುತ್ತದೆ. ಆ ನಿಧಾನದ ದಿನವನ್ನು ಅವರು ಹಿಂದಿನ ಸಾಲಿಗೆ ಕೊಡಲಿ. ನಲವತ್ತು ದಾಟಿದವರು, ಎದೆನೋವು, ಸಕ್ಕರೆ, ಬಿ.ಪಿ. ಇರುವವರು ಡಾಕ್ಟರನ್ನು ಕೇಳಿಕೊಂಡೇ ಬರಲಿ. ಇದೊಂದನ್ನು ಮಾತ್ರ ನಿಯಮ ಮಾಡೋಣ. ಆಷಾಢದ ಗಾಳಿ ಎದುರಿನಿಂದ ಬೀಸುವ ತಿಂಗಳುಗಳಲ್ಲಿ ಯಾರ ಟೈಮಿಂಗನ್ನೂ ಬರೆಯುವುದು ಬೇಡ, ಆ ಗಾಳಿಗೆ ಎದುರಾಗಿ ಓಡುವಾಗ ಎಲ್ಲರೂ ನಿಧಾನವೇ.

ಕರ್ನಾಟಕದ ಓಟದ ಬಳಗದವರಲ್ಲೂ ನನ್ನದೊಂದು ಬಿನ್ನಹ. ನಿಮ್ಮಲ್ಲಿ ಕೋಚುಗಳಿದ್ದಾರೆ, ಟೀ ಶರ್ಟುಗಳಿವೆ, ವರ್ಷಕ್ಕೆ ಹಲವು ಓಟದ ಸ್ಪರ್ಧೆಗಳಿವೆ. ಆದರೂ ಹತ್ತು ವರ್ಷ ಬಿಟ್ಟು ಮೊದಲ ದಿನ ಗೇಟಿನ ಹತ್ತಿರ ಬಂದು ನಿಂತವರನ್ನು ಯಾರು ಮಾತಾಡಿಸುತ್ತಾರೆ ಎಂದು ಒಮ್ಮೆ ನೋಡಿಕೊಳ್ಳಿ.

ನಮ್ಮ ಬಳಗದ ಪ್ರತಿಯೊಬ್ಬರ ಬೀದಿಯಲ್ಲೂ ಓಟ ಬಿಟ್ಟವರು ಒಬ್ಬರಾದರೂ ಇದ್ದಾರೆ: ಸೆಲೆಕ್ಷನ್ ತಪ್ಪಿದ ತಮ್ಮ, ಶಾಲೆಯಲ್ಲಿ ಕಪ್ ಗೆದ್ದ ಅತ್ತಿಗೆ, ರಿಟೈರ್ ಆದ ಮೇಷ್ಟ್ರು. ಈ ವಾರ ಅವರ ಮನೆಗೆ ಹೋಗಿ ಕರೆಯಿರಿ. ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಬರಲಿ, ಇರುವ ಶೂ ಸಾಕು. ಮೊದಲ ತಿಂಗಳು ಎಲ್ಲರಿಗಿಂತ ಹಿಂದೆ ಓಡುವ ಕೆಲಸ ನನ್ನದು.

ಇಂತಿ,
ನಿಮ್ಮ ಬಳಗದ ಓಟಗಾರ್ತಿ,
ತೇವಾರಂ